ಮೋಟಾರಿನ ಒಡಲೂ ಅಡಿಗಟ್ಟೂ

ಹಳ್ಳಿಯಲ್ಲಿ ಬೆಳೆದವರಿಗೆ ಕಮಾನುಗಾಡಿಯ ನೆನಪು ಇದ್ದೇ ಇರುತ್ತದೆ. ಸುಗ್ಗಿಯಲ್ಲಿ ಹುಲ್ಲು ಹೇರಬೇಕಾದಾಗ ಕಮಾನನ್ನು ಬಿಚ್ಚಿ ಜಗಲಿಯ ಪಕ್ಕದಲ್ಲಿ ಇಡುತ್ತಿದ್ದರು. ಮದುವೆಗೋ ಜಾತ್ರೆಗೋ ಹೆಂಗಸರು ಮಕ್ಕಳು ಹೊರಡುವ ದಿನ ಅದನ್ನೇ ಮತ್ತೆ ಗಾಡಿಯ ಮೇಲೆ ಕೂರಿಸಿ ಹಗ್ಗದಿಂದ ಬಿಗಿಯುತ್ತಿದ್ದರು. ಗಾಲಿ, ಅಚ್ಚು, ಮೂಕಿ, ನೊಗ, ಇವು ಭಾರ ಹೊರುವ ಅಂಗಗಳು. ಕಮಾನು ನೆರಳಿಗೆ, ಮರ್ಯಾದೆಗೆ. ದೇವರ ತೇರಿನಲ್ಲಿಯೂ ಇದೇ ಏರ್ಪಾಡು. ಕೆಳಗಿನ ಮರದ ಭಾಗ ವರ್ಷವೆಲ್ಲ ತೇರುಮನೆಯಲ್ಲಿ ನಿಂತಿರುತ್ತದೆ. ಮೇಲಿನ ಬಿದಿರು ಬಟ್ಟೆಗಳ ಗೋಪುರವನ್ನು ರಥೋತ್ಸವ ಬಂದಾಗ ಕಟ್ಟಿ, ಮುಗಿದ ಮೇಲೆ ಇಳಿಸುತ್ತಾರೆ.

ಮೋಟಾರು ಕಾರು ಮೊದಲು ಹುಟ್ಟಿದ್ದು ಈ ಗಾಡಿಯ ಕುಲದಲ್ಲಿಯೇ. ಉಕ್ಕಿನ ಒಂದು ಅಡಿಗಟ್ಟು. ಅದಕ್ಕೆ ಎಂಜಿನ್ನು, ಗಾಲಿ, ಕಮಾನುಪಟ್ಟಿ, ಸ್ಟೀರಿಂಗು. ಇಷ್ಟು ಸೇರಿದರೆ ಗಾಡಿ ಓಡುತ್ತದೆ. ಅದರ ಮೇಲೆ ಜನ ಕೂರುವ ಒಡಲನ್ನು ಬೇರೆಯಾಗಿ ಕಟ್ಟಿ ಬೋಲ್ಟುಗಳಿಂದ ಬಿಗಿಯುತ್ತಿದ್ದರು. 1908ರಿಂದ 1927ರ ವರೆಗೆ ತಯಾರಾದ ಫೋರ್ಡ್ ಕಂಪೆನಿಯ ‘ಟಿ’ ಮಾದರಿಯ ಕಾರು ಹೀಗೆ ಇದ್ದದ್ದು. ಈ ಅಡಿಗಟ್ಟಿಗೆ ಮೆಕ್ಯಾನಿಕ್ಕರ ಬಾಯಲ್ಲಿ ‘ಚಾಸಿ’ ಎಂದು ಹೆಸರು, ಒಡಲಿಗೆ ‘ಬಾಡಿ’. ಕನ್ನಡ ಪಂಡಿತನಾದ ನಾನು ಬೇರೆ ಪದ ಹುಡುಕಬಹುದಾಗಿತ್ತು. ಆದರೆ ಸ್ಪ್ಯಾನರು ಹಿಡಿದವನಿಗೆ ಅರ್ಥವಾಗದ ಪದದಿಂದ ಪ್ರಯೋಜನವಿಲ್ಲ. ಆದ್ದರಿಂದ ಅವರ ಮಾತನ್ನೇ ಬಳಸುತ್ತೇನೆ.

ಹಳೆಯ ಕಾರನ್ನು ಮನೆಯಲ್ಲಿಯೇ ರಿಪೇರಿ ಮಾಡುವವರು ಚಾಸಿಯಿಂದ ಬಾಡಿಯನ್ನು ಎತ್ತಿ ಬೇರ್ಪಡಿಸುವುದು ಹೇಗೆ ಎಂಬುದೇ ಈ ಲೇಖನದ ವಿಷಯ. ‘ಮೇಷ್ಟ್ರಿಗೆ ಇದೆಲ್ಲ ಏಕೆ?’ ಎಂದು ಕೇಳುವವರಿಗೆ ಕಾರಣ ಹೇಳಿಬಿಡುತ್ತೇನೆ. ನನ್ನ ಹಳೆಯ ಶಿಷ್ಯನೊಬ್ಬ ಪೀಣ್ಯದ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೆಲಸ ಮಾಡುತ್ತಾನೆ. ದಾಸರಹಳ್ಳಿಯ ಆಚೆ ಅವನ ಮನೆ. ಹಿತ್ತಲ ಶೆಡ್ಡಿನಲ್ಲಿ ಅವನ ತಂದೆಯವರ ‘ಸ್ಟ್ಯಾಂಡರ್ಡ್ ಹೆರಾಲ್ಡ್’ ಕಾರು ಬಹುಕಾಲದಿಂದ ನಿಂತಿತ್ತು. ಗುಜರಿಯವನು ಎರಡು ಸಲ ಬಂದು ಬೆಲೆ ಹೇಳಿ ಹೋಗಿದ್ದ. ತಂದೆಯವರಿಗೆ ಎಂಬತ್ತು ದಾಟಿದೆ. ಅವರು ಮಾರು ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ; ಆ ಮಾತು ಬಂದಾಗ ಎದ್ದು ಒಳಗೆ ಹೋಗುತ್ತಿದ್ದರಂತೆ. ಕಳೆದ ವರ್ಷ ಮಗ ನಿಶ್ಚಯ ಮಾಡಿ, ‘ಸಾರ್, ಭಾನುವಾರ ಬಾಡಿ ಎತ್ತುತ್ತೇವೆ, ಬನ್ನಿ’ ಎಂದು ಕರೆದ. ಕಂಡದ್ದನ್ನೂ ಕೇಳಿ ತಿಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯ ಪ್ರಶ್ನೆ: ನಿಮ್ಮ ಕಾರಿಗೆ ಬೇರೆ ಚಾಸಿ ಉಂಟೆ? ಎಲ್ಲ ಕಾರುಗಳಿಗೂ ಇಲ್ಲ. ಎತ್ತಿಗೆ ಒಳಗೆ ಎಲುಬು, ಮೇಲೆ ಚರ್ಮ. ಏಡಿಗೆ ಎಲುಬಿಲ್ಲ; ಚಿಪ್ಪೇ ಅದನ್ನು ಹೊರುತ್ತದೆ. ಇಟಲಿಯ ಲಾನ್ಸಿಯಾ ಕಂಪೆನಿಯವರು 1922ರಲ್ಲಿಯೂ, ಫ್ರಾನ್ಸಿನ ಸಿಟ್ರೊಯೆನ್ ಕಂಪೆನಿಯವರು 1934ರಲ್ಲಿಯೂ ಏಡಿಯ ಮಾದರಿಯ ಕಾರುಗಳನ್ನು ಹೊರತಂದರು. ಬರಬರುತ್ತ ಅದೇ ರೂಢಿಯಾಯಿತು. ನಮ್ಮ ರಸ್ತೆಗಳನ್ನು ಬಹುಕಾಲ ಆಳಿದ ಅಂಬಾಸಡರ್, ಫಿಯೆಟ್ ಎರಡೂ ಈ ಜಾತಿಯವು. ಅವುಗಳಲ್ಲಿ ಎತ್ತಲು ಬೇರೆ ಬಾಡಿ ಎಂಬುದಿಲ್ಲ. ಎತ್ತಲು ಹೊರಟರೆ ಇಡೀ ಕಾರೇ ಏಳುತ್ತದೆ. ಹಳೆಯ ಜೀಪು ಎತ್ತಿನ ಜಾತಿ. ಹೆರಾಲ್ಡೂ ಹಾಗೆಯೇ.

ಹೆರಾಲ್ಡಿನ ಕಥೆ ಸ್ವಾರಸ್ಯವಾದದ್ದು. ಇಂಗ್ಲೆಂಡಿನಲ್ಲಿ ಅದು 1959ರಲ್ಲಿ ಬಂದಾಗ ಉಳಿದ ಸಣ್ಣ ಕಾರುಗಳು ಚಾಸಿಯನ್ನು ಬಿಡುತ್ತಿದ್ದ ಕಾಲ. ಆದರೆ ಇದನ್ನು ತಯಾರಿಸಿದ ಕಂಪೆನಿಗೆ ಬಾಡಿಯನ್ನು ಒತ್ತಿ ಕೊಡುತ್ತಿದ್ದ ಕಾರ್ಖಾನೆ ಪ್ರತಿಸ್ಪರ್ಧಿಗಳ ಕೈ ಸೇರಿತ್ತು. ಆದ್ದರಿಂದ ಬಾಡಿಯನ್ನು ತುಂಡುತುಂಡಾಗಿ ಮಾಡಿಸಿ, ಬೋಲ್ಟುಗಳಿಂದ ಒಂದಕ್ಕೊಂದು ಸೇರಿಸಿ, ಬೇರೆ ಚಾಸಿಯ ಮೇಲೆ ಕೂರಿಸಬೇಕಾಯಿತು. ರೂಪ ಬರೆದವರು ಇಟಲಿಯ ಮಿಕೆಲೋಟ್ಟಿ. 1961ರಿಂದ ಮದರಾಸಿನ ಸ್ಟ್ಯಾಂಡರ್ಡ್ ಕಂಪೆನಿಯವರು ಅದನ್ನು ನಮ್ಮ ದೇಶದಲ್ಲಿಯೇ ತಯಾರಿಸತೊಡಗಿದರು. ಅಂದು ಇಂಗ್ಲೆಂಡಿನವರಿಗೆ ಇಕ್ಕಟ್ಟಾಗಿದ್ದದ್ದು ಇಂದು ನಮ್ಮ ರಿಪೇರಿಗಾರರಿಗೆ ಅನುಕೂಲವಾಗಿದೆ. ಇದರ ತಲೆಛಾವಣಿಯನ್ನು ಸಹ ಬಿಚ್ಚಿ ತೆಗೆಯಬಹುದು.

ಎರಡನೆಯ ಪ್ರಶ್ನೆ: ಬಾಡಿಯನ್ನು ಎತ್ತಲೇಬೇಕೆ? ಎಂಜಿನ್ನು ಕೆಟ್ಟಿದ್ದರೆ, ಬಣ್ಣ ಮಾಸಿದ್ದರೆ ಎತ್ತಬೇಕಾದ್ದಿಲ್ಲ. ಚಾಸಿಗೆ ತುಕ್ಕು ಹಿಡಿದಿದ್ದು, ಆ ಜಾಗಕ್ಕೆ ಕೈ ಎಟುಕದಿದ್ದರೆ ಮಾತ್ರ ಎತ್ತಬೇಕು. ಹೆರಾಲ್ಡಿನ ಚಾಸಿಯ ನಡುವೆ ಎರಡು ಮುಖ್ಯ ತೊಲೆಗಳಿವೆ. ಅವುಗಳಿಂದ ಪಕ್ಕಕ್ಕೆ ಚಾಚಿದ ತೋಳುಗಳ ಮೇಲೆ ಬಾಡಿ ಕುಳಿತಿರುತ್ತದೆ. ಗಾಲಿ ಎರಚುವ ಕೆಸರು ಈ ತೋಳುಗಳಲ್ಲಿ ತುಂಬಿ, ನೀರು ನಿಂತು, ಒಳಗಿನಿಂದ ತುಕ್ಕು ತಿನ್ನುತ್ತದೆ. ಕಾರಿನ ಕೆಳಗೆ ಮಲಗಿ ಸಣ್ಣ ಸುತ್ತಿಗೆಯಿಂದ ಬಡಿಯುತ್ತ ಹೋಗಿ. ಗಟ್ಟಿ ಉಕ್ಕು ಗಂಟೆಯಂತೆ ಮಾತನಾಡುತ್ತದೆ. ತುಕ್ಕು ತಿಂದದ್ದು ಒಡೆದ ಮಡಕೆಯ ಸದ್ದು ಕೊಡುತ್ತದೆ. ಈ ಪರೀಕ್ಷೆಯಲ್ಲಿ ನನ್ನ ಶಿಷ್ಯನ ಕಾರಿನ ಹಿಂದಿನ ಎರಡು ತೋಳುಗಳು ಮಡಕೆಯ ಸದ್ದು ಕೊಟ್ಟವು. ಮಲಗುವ ಮುನ್ನ ಕಾರನ್ನು ಜಾಕಿನ ಮೇಲೆ ಮಾತ್ರ ಬಿಡದೆ ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಬೇಕೆಂಬುದನ್ನು ಮರೆಯಬಾರದು. ಜಾಕು ಎತ್ತುವ ಸಾಧನ. ಹೊತ್ತು ನಿಲ್ಲುವ ಸಾಧನವಲ್ಲ.

ಮೂರನೆಯದು, ಕೆಲಸದ ಕ್ರಮ. ಬಹುಮಂದಿ ತಪ್ಪುವುದು ಇಲ್ಲಿ. ಉತ್ಸಾಹದಿಂದ ಮೊದಲ ದಿನವೇ ಬಾಡಿಯನ್ನು ಎತ್ತಿಬಿಡುತ್ತಾರೆ. ಆದರೆ ಬಾಡಿಯ ತಳದ ತಗಡಿಗೂ ಬಾಗಿಲ ಕೆಳಗಿನ ಅಂಚಿಗೂ ತುಕ್ಕು ಹಿಡಿದಿದ್ದರೆ, ಅದನ್ನು ಆಕಾರದಲ್ಲಿ ಹಿಡಿದಿರುವುದು ಕೆಳಗಿನ ಚಾಸಿಯೇ. ಚಾಸಿಯನ್ನು ತೆಗೆದೊಡನೆ ಅದು ಒದ್ದೆ ರಟ್ಟಿನ ಪೆಟ್ಟಿಗೆಯಂತೆ ನಡುವೆ ಬಾಗುತ್ತದೆ. ಆಮೇಲೆ ಬಾಗಿಲು ಮುಚ್ಚುವುದಿಲ್ಲ. ಆದ್ದರಿಂದ ಬಾಡಿಯ ಬೆಸುಗೆ ಕೆಲಸವನ್ನು ಅದು ಚಾಸಿಯ ಮೇಲೆ ಬಿಗಿಯಾಗಿ ಕುಳಿತಿರುವಾಗಲೇ ಮುಗಿಸಬೇಕು. ಆ ಬಳಿಕ ಬಾಗಿಲಿನ ತೆರಪಿಗೆ ಅಡ್ಡಲಾಗಿ ಕಬ್ಬಿಣದ ಆಂಗಲ್ ಪಟ್ಟಿಗಳನ್ನು ಕೊಟ್ಟು ಬಂಧಿಸಬೇಕು. ಬಾಗಿಲು ತೆಗೆದ ಮೇಲೆ ಹಿಂಜಿನ ತೂತುಗಳಿಗೂ ಚಿಲಕದ ತೂತುಗಳಿಗೂ ಬೋಲ್ಟು ಹಾಕಿಯೇ ಈ ಪಟ್ಟಿಗಳನ್ನು ನಿಲ್ಲಿಸಬಹುದು. ಅದಕ್ಕೂ ಮುನ್ನ ಬಾಗಿಲು ಮುಚ್ಚಿದಾಗ ಸುತ್ತಲೂ ಎಷ್ಟು ಸಂದು ಇದೆ ಎಂದು ಅಳೆದು ಬರೆದಿಡಬೇಕು.

ಇನ್ನು ಬಿಚ್ಚುವ ಕೆಲಸ. ಕನ್ನಡ ಮೇಷ್ಟ್ರಿಗೆ ಇದು ಪರಿಚಿತ ವಿದ್ಯೆ. ಸಂಧಿಯನ್ನು ಬಿಡಿಸುವಾಗ ಯಾವ ಅಕ್ಷರ ಲೋಪವಾಯಿತು, ಯಾವುದು ಆಗಮವಾಯಿತು, ಯಾವುದಕ್ಕೆ ಯಾವುದು ಆದೇಶವಾಗಿ ಬಂತು ಎಂದು ಗುರುತಿಸದಿದ್ದರೆ ಪದವನ್ನು ಮತ್ತೆ ಕೂಡಿಸಲಾಗದು. ಇಲ್ಲಿಯೂ ಅಷ್ಟೆ. ಚಾಸಿಗೂ ಬಾಡಿಗೂ ನಡುವೆ ಪ್ರತಿಯೊಂದು ಬೋಲ್ಟಿನ ಬಳಿ ರಬ್ಬರಿನ ದಿಂಡು, ತೆಳು ಬಿಲ್ಲೆಗಳು ಇರುತ್ತವೆ. ಒಂದು ಕಡೆ ಎರಡು ಬಿಲ್ಲೆ, ಇನ್ನೊಂದು ಕಡೆ ನಾಲ್ಕು. ಕಾರ್ಖಾನೆಯವನು ಬಾಗಿಲು ಸರಿಯಾಗಿ ಕೂರಲೆಂದು ಹಾಕಿದ ಲೆಕ್ಕ ಅದು. ಅದನ್ನು ಕಸವೆಂದು ಗುಡಿಸಿ ಹಾಕಿದರೆ ಆ ಲೆಕ್ಕ ಹೋಯಿತು. ಪ್ರತಿಯೊಂದು ಜಾಗಕ್ಕೆ ನಂಬರು ಕೊಟ್ಟು, ಫೋಟೋ ತೆಗೆದು, ಬೋಲ್ಟನ್ನೂ ಬಿಲ್ಲೆಗಳನ್ನೂ ಒಂದೇ ಡಬ್ಬಿಯಲ್ಲಿ ಹಾಕಿ ಚೀಟಿ ಅಂಟಿಸಿ.

ಬ್ಯಾಟರಿಯ ತಂತಿಯನ್ನು ಎಲ್ಲಕ್ಕಿಂತ ಮೊದಲು ತೆಗೆಯಿರಿ. ಅನಂತರ ಪೆಟ್ರೋಲು ತೊಟ್ಟಿ. ಅದನ್ನು ಬರಿದು ಮಾಡಿದರೆ ಅಪಾಯ ಕಳೆಯಿತೆಂದು ತಿಳಿಯಬೇಡಿ. ತುಂಬಿದ ತೊಟ್ಟಿಗಿಂತ ಬರಿ ತೊಟ್ಟಿ ಹೆಚ್ಚು ಕೆಟ್ಟದ್ದು. ಅದರೊಳಗೆ ಉಳಿದ ಪೆಟ್ರೋಲಿನ ಆವಿ ಗಾಳಿಯೊಡನೆ ಬೆರೆತಿರುತ್ತದೆ. ಒಂದು ಕಿಡಿ ಬಿದ್ದರೆ ಸಿಡಿಯುತ್ತದೆ. ತೊಟ್ಟಿಯನ್ನು ಮನೆಯಿಂದ, ಅಡುಗೆಯ ಒಲೆಯಿಂದ, ಬೆಸುಗೆಯ ಜಾಗದಿಂದ ದೂರ ಇಡಿ. ತರುವಾಯ ಸ್ಟೀರಿಂಗಿನ ಕಂಬ, ಬ್ರೇಕು ಮತ್ತು ಕ್ಲಚ್ಚಿನ ಎಣ್ಣೆಯ ಕೊಳವೆಗಳು, ಆಕ್ಸಿಲರೇಟರಿನ ಕಡ್ಡಿ, ಚೋಕಿನ ತಂತಿ, ಸ್ಪೀಡೋಮೀಟರಿನ ಕೇಬಲ್ಲು, ಗೇರಿನ ಕಡ್ಡಿ, ವಿದ್ಯುತ್ ತಂತಿಗಳು, ಇವನ್ನೆಲ್ಲ ಒಂದೊಂದಾಗಿ ಬಿಡಿಸಬೇಕು. ಬ್ರೇಕಿನ ಎಣ್ಣೆ ಬಣ್ಣದ ಮೇಲೆ ಬಿದ್ದರೆ ಬಣ್ಣ ಏಳುತ್ತದೆ. ಹೆರಾಲ್ಡಿನ ಬಾನೆಟ್ಟು ಮುಂದಕ್ಕೆ ಮಗುಚಿಕೊಳ್ಳುವಂಥದು. ಹಿಂಜಿನ ಬೋಲ್ಟು ತೆಗೆದರೆ ಮಡ್ಗಾರ್ಡುಗಳ ಸಮೇತ ಇಬ್ಬರು ಎತ್ತಿ ಪಕ್ಕಕ್ಕೆ ಇಡಬಹುದು. ಎಂಜಿನ್ನು ಚಾಸಿಯ ಮೇಲೆಯೇ ಇರಲಿ.

ತುಕ್ಕು ಹಿಡಿದ ಬೋಲ್ಟಿನೊಡನೆ ಜಗಳವಾಡಬಾರದು. ಒಂದು ವಾರ ಮುಂಚಿತವಾಗಿ ದಿನಕ್ಕೊಮ್ಮೆ ತುಕ್ಕು ಬಿಡಿಸುವ ಎಣ್ಣೆಯನ್ನು ಹಾಕಿ ನೆನೆಯಬಿಡಿ. ಮೊದಲು ಕೊಂಚ ಬಿಗಿದು, ಆಮೇಲೆ ಸಡಿಲಿಸಿ. ಬಗ್ಗದಿದ್ದರೆ ತಲೆಯನ್ನು ಕತ್ತರಿಸಿಬಿಡಿ. ಬೋಲ್ಟು ಹೊಸದು ಸಿಗುತ್ತದೆ, ಹರಿದ ತಗಡು ಸಿಗುವುದಿಲ್ಲ. ಹಳೆಯ ಬ್ರೇಕಿನ ಪಟ್ಟಿಗಳಲ್ಲಿ ಕಲ್ನಾರು ಇರುತ್ತದೆ. ಅದರ ದೂಳನ್ನು ಗಾಳಿಯಿಂದ ಊದಬೇಡಿ. ಒದ್ದೆ ಬಟ್ಟೆಯಿಂದ ಒರಸಿ. ಹಳೆಯ ಬಣ್ಣದಲ್ಲಿ ಸೀಸ ಇರುವ ಸಂಭವ ಉಂಟು. ಒಣಗಿದ್ದಾಗ ಉಜ್ಜಿ ದೂಳೆಬ್ಬಿಸಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಈಗ ಎತ್ತುವ ಮಾತು. ನನ್ನ ಶಿಷ್ಯನ ಮೊದಲ ಯೋಚನೆ ಶೆಡ್ಡಿನ ತಾರಸಿಯಲ್ಲಿದ್ದ ಉಯ್ಯಾಲೆಯ ಕೊಂಡಿಗೆ ಚೈನ್ ಪುಲ್ಲಿ ಹಾಕುವುದು. ಅವನ ತಂದೆಯವರೇ ಬೇಡವೆಂದರು. ಉಯ್ಯಾಲೆಯ ಕೊಂಡಿ ಮಗುವಿನ ಭಾರಕ್ಕೆ ಹಾಕಿದ್ದು. ಕಾರಿನ ಭಾರಕ್ಕೆ ಲೆಕ್ಕಹಾಕಿ ಕಟ್ಟಿದ ತಾರಸಿಯಲ್ಲ. ಇಡೀ ಹೆರಾಲ್ಡು ಸುಮಾರು 800 ಕಿಲೋಗ್ರಾಂ ತೂಗುತ್ತದೆ. ಬಾಗಿಲು, ಬಾನೆಟ್ಟು, ಸೀಟು, ಗಾಜು ತೆಗೆದ ಬರಿಯ ಬಾಡಿ ಅದರಲ್ಲಿ ಒಂದು ಪಾಲು ಮಾತ್ರ. ಅದನ್ನು ಎಂಟು ಮಂದಿ ಹೆಗಲು ಕೊಟ್ಟು ಎತ್ತುವುದೂ ಉಂಟು. ಆದರೆ ಎಂಟು ಮಂದಿ ಒಂದೇ ಉಸಿರಿನಲ್ಲಿ ಎತ್ತುವುದು ಕಷ್ಟ. ಒಬ್ಬನ ಕಾಲು ಜಾರಿದರೆ ಉಳಿದವರ ಬೆರಳು ಹೋಗುತ್ತದೆ.

ಮನೆಯಲ್ಲಿ ಮಾಡುವವರಿಗೆ ಸುಲಭವೂ ಕ್ಷೇಮವೂ ಆದ ಉಪಾಯ ಇನ್ನೊಂದಿದೆ. ಬಾಡಿಯ ಕೆಳಗೆ ಅಡ್ಡಲಾಗಿ ಎರಡು ಗಟ್ಟಿ ತೊಲೆಗಳನ್ನು ತೂರಿಸುವುದು: ಒಂದು ಎಂಜಿನ್ನಿನ ಹಿಂದಿನ ಗೋಡೆಯ ಕೆಳಗೆ, ಇನ್ನೊಂದು ಹಿಂದಿನ ಸೀಟಿನ ಮುಂಭಾಗದ ಏರಿನ ಕೆಳಗೆ. ಬರಿಯ ತಗಡಿನ ಕೆಳಗೆ ಎಂದೂ ಕೊಡಬಾರದು. ತಗಡು ಒಳಕ್ಕೆ ಬಾಗುತ್ತದೆ. ತೊಲೆಯ ನಾಲ್ಕು ತುದಿಗಳನ್ನು ಜಾಕುಗಳಿಂದ ಸರದಿಯಂತೆ ಎರಡೆರಡು ಅಂಗುಲ ಎತ್ತಿ, ಪ್ರತಿಸಲವೂ ಮರದ ದಿಮ್ಮಿಗಳನ್ನು ಅಡ್ಡಡ್ಡ ಜೋಡಿಸಿ ಕಟ್ಟೆ ಕಟ್ಟುತ್ತ ಹೋಗಬೇಕು. ಬಾಡಿಯ ತಳ ಹಿಂದಿನ ಗಾಲಿಗಳಿಗಿಂತ ಮೇಲೆ ಬಂದರೆ ಸಾಕು. ನೆಲದಿಂದ ಎರಡು ಅಡಿಯ ಆಸುಪಾಸು. ಆಗ ಚಾಸಿಯನ್ನು ಅದರ ಗಾಲಿಗಳ ಮೇಲೆಯೇ ಮುಂದಕ್ಕೆ ತಳ್ಳಿ ಹೊರತೆಗೆಯಬಹುದು. ಹಿಂದಕ್ಕೆ ತಳ್ಳಿದರೆ ಎಂಜಿನ್ನು ಬಾಡಿಗೆ ತಾಗುತ್ತದೆ. ಬಾಡಿ ಇದ್ದಲ್ಲಿಯೇ ಇರುತ್ತದೆ, ಜರುಗುವುದು ಚಾಸಿ. ಬಾಡಿ ದಿಮ್ಮಿಗಳ ಮೇಲೆ ಗಟ್ಟಿಯಾಗಿ ಕೂರುವವರೆಗೆ ಯಾರೂ ಅದರ ಕೆಳಗೆ ತಲೆ ಹಾಕಬಾರದು.

ಎಲ್ಲಕ್ಕಿಂತ ಮುಖ್ಯವಾದ ನಿಯಮ ಇದು: ಮೊದಲು ನಾಲ್ಕು ಬೆರಳಷ್ಟು ಎತ್ತಿ ನಿಲ್ಲಿಸಿ, ಸುತ್ತ ನಡೆದು ನೋಡಿ. ನಾಲ್ಕು ಮೂಲೆಗಳೂ ಸಮನಾಗಿ ಎದ್ದಿವೆಯೆ? ಯಾವುದಾದರೂ ತಂತಿ ಬಿಗಿದಿದೆಯೆ? ಅಂದು ನಮ್ಮ ಶಿಷ್ಯ ಹಾಗೆಯೇ ನಿಲ್ಲಿಸಿದ. ಮೂರು ಮೂಲೆಗಳು ಎದ್ದಿದ್ದವು. ಹಿಂದಿನ ಎಡಮೂಲೆ ಏಳಲಿಲ್ಲ. ಮ್ಯಾನ್ಯುಯಲ್ ಪುಸ್ತಕದಲ್ಲಿ ಹೇಳಿದ ಬೋಲ್ಟುಗಳೆಲ್ಲ ಡಬ್ಬಿಯಲ್ಲಿದ್ದವು. ‘ತುಕ್ಕಿಗೆ ಅಂಟಿಕೊಂಡಿದೆ, ಇನ್ನೆರಡು ಪಂಪು ಹೊಡಿ ಅಣ್ಣ, ಬಿಟ್ಟುಕೊಳ್ಳುತ್ತೆ’ ಎಂದ ಜೊತೆಯ ಹುಡುಗ. ಶಿಷ್ಯನ ಕೈ ಜಾಕಿನ ಹಿಡಿಗೆ ಹೋಯಿತು.

ಬಾಗಿಲ ಬಳಿ ಕುರ್ಚಿಯಲ್ಲಿ ಕುಳಿತಿದ್ದ ತಂದೆಯವರು ‘ನಿಲ್ಸು’ ಎಂದರು. ‘ಹಿಂದಿನ ಸೀಟಿನ ಕೆಳಗೆ ಟಾರು ಬಳಿದಿದೆ ನೋಡು, ಅದನ್ನು ಕೆರೆ. ಅಲ್ಲೊಂದು ಬೋಲ್ಟಿದೆ.’

ಕೆರೆದಾಗ ಬೋಲ್ಟಿನ ತಲೆ ಕಂಡಿತು. ಎಷ್ಟೋ ವರ್ಷಗಳ ಹಿಂದೆ ಧರ್ಮಸ್ಥಳಕ್ಕೆ ಹೋಗಿ ಶಿರಾಡಿ ಘಾಟಿ ಹತ್ತಿ ಬರುವಾಗ ಹಿಂದಿನಿಂದ ಸದ್ದು ಬರತೊಡಗಿತಂತೆ. ಹಾಸನದಲ್ಲಿ ಒಬ್ಬ ಮೇಸ್ತ್ರಿ ನೋಡಿ, ತೋಳು ಸೀಳಿದೆ ಎಂದು ತಗಡಿನಲ್ಲಿ ಹೊಸ ತೂತು ಕೊರೆದು, ಈ ಬೋಲ್ಟನ್ನು ಹಾಕಿ, ಮೇಲೆ ಟಾರು ಬಳಿದು ಕಳುಹಿಸಿದನಂತೆ. ಮಗ ಆಗ ಇನ್ನೂ ಹುಟ್ಟಿರಲಿಲ್ಲ. ಯಾವ ಪುಸ್ತಕದಲ್ಲಿಯೂ ಆ ಬೋಲ್ಟು ಇಲ್ಲ. ಇನ್ನೆರಡು ಪಂಪು ಹೊಡೆದಿದ್ದರೆ ತಳದ ತಗಡು ಹರಿದು, ಬಾಡಿ ಓರೆಯಾಗಿ ದಿಮ್ಮಿಯಿಂದ ಜಾರುತ್ತಿತ್ತು. ‘ಮೊದಲೇ ಹೇಳಬಾರದಿತ್ತೇ ಅಪ್ಪ?’ ಎಂದ ಮಗ. ‘ನೀನು ಕೇಳಿದೆಯಾ?’ ಎಂದರು ಅವರು.

ಆದ್ದರಿಂದ ನನ್ನ ಸಲಹೆ: ಸ್ಪ್ಯಾನರು ಹಿಡಿಯುವ ಮುನ್ನ ಆ ಕಾರನ್ನು ಓಡಿಸಿದವರು ಬದುಕಿದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಎಲ್ಲಿ ಗುದ್ದಿತ್ತು, ಎಲ್ಲಿ ರಿಪೇರಿಯಾಯಿತು, ಯಾವ ಊರಿನ ಮೇಸ್ತ್ರಿ ಏನು ಮಾಡಿದ ಎಂದು ಬರೆದುಕೊಳ್ಳಿ. ನಮ್ಮ ದೇಶದ ಹಳೆಯ ಕಾರುಗಳ ಇತಿಹಾಸ ಬಹುಪಾಲು ಬಾಯಿಮಾತಿನಲ್ಲಿಯೇ ಇದೆ.

ಚಾಸಿ ಹೊರಗೆ ಬಂದ ಮೇಲೆ ಅದು ಚೌಕವಾಗಿದೆಯೆ ಎಂದು ನೋಡಬೇಕು. ಮನೆಯ ಪಾಯ ಗುರುತಿಸುವ ಗಾರೆಯವನ ವಿಧಾನವೇ ಇದಕ್ಕೂ ಸಾಕು. ಸಮನಾದ ನೆಲದ ಮೇಲೆ ಚಾಸಿಯನ್ನು ನಿಲ್ಲಿಸಿ, ಎರಡೂ ಪಕ್ಕಗಳಲ್ಲಿ ಸರಿಸಾಟಿಯಾದ ಜಾಗಗಳಿಂದ ತೂಕದ ಗುಂಡು ಇಳಿಬಿಟ್ಟು ನೆಲಕ್ಕೆ ಚುಕ್ಕೆ ಹಾಕಿ. ಮೂಲೆಯಿಂದ ಮೂಲೆಗೆ ಅಡ್ಡಲಾಗಿ ಎರಡು ಅಳತೆ ತೆಗೆದುಕೊಳ್ಳಿ. ಎರಡೂ ಒಂದೇ ಆದರೆ ಚಾಸಿ ನೇರವಾಗಿದೆ. ಬೇರೆಯಾದರೆ ಎಂದೋ ಗುದ್ದು ತಿಂದು ತಿರುಚಿದೆ. ಕೆಟ್ಟ ತೋಳುಗಳನ್ನು ಒಟ್ಟಿಗೆ ಕತ್ತರಿಸಬೇಡಿ. ಒಂದನ್ನು ತೆಗೆದು ಹೊಸದನ್ನು ಬೆಸೆದು, ಅಳೆದು, ಆಮೇಲೆ ಇನ್ನೊಂದಕ್ಕೆ ಕೈಹಾಕಿ. ಈ ವಿಷಯದಲ್ಲಿ ಪೀಣ್ಯದ ಹತ್ತಿರ ಇರುವವರು ಪುಣ್ಯವಂತರು. ತಗಡು ಮಡಿಸುವವರು, ಮರಳು ಹೊಡೆದು ತುಕ್ಕು ತೆಗೆಯುವವರು, ಪೌಡರ್ ಬಣ್ಣ ಹಾಕುವವರು, ಬೋಲ್ಟಿಗೆ ಸತುವಿನ ಲೇಪ ಕೊಡುವವರು ಅಲ್ಲಿ ಒಂದೊಂದು ರಸ್ತೆಯಲ್ಲಿಯೂ ಇದ್ದಾರೆ. ಮುಂಬಯಿ ಮದರಾಸುಗಳಿಗೆ ಬರೆದು ಕಾಯಬೇಕಾದ್ದಿಲ್ಲ.

ಕಾನೂನಿನ ಮಾತನ್ನೂ ಹೇಳಬೇಕು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳ ನೋಂದಣಿಗೆ ನಿಯಮಗಳನ್ನು ಹೊರಡಿಸಿತು. ಮೊದಲ ನೋಂದಣಿಯಾಗಿ 50 ವರ್ಷ ಮೀರಿದ ದ್ವಿಚಕ್ರ, ಚತುಶ್ಚಕ್ರ ವಾಹನಗಳಿಗೆ ‘ವಿಂಟೇಜ್’ ಎಂಬ ಸ್ಥಾನ ದೊರೆಯುತ್ತದೆ; ನಂಬರಿನಲ್ಲಿ ‘ವಿಎ’ ಎಂಬ ಅಕ್ಷರಗಳು ಬರುತ್ತವೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಅದು ಹತ್ತು ವರ್ಷ ನಡೆಯುತ್ತದೆ. ಆದರೆ ಚಾಸಿ, ಬಾಡಿ, ಎಂಜಿನ್ನುಗಳನ್ನು ಮೂಲರೂಪದಿಂದ ಬದಲಾಯಿಸಿರಬಾರದು ಎಂಬ ಷರತ್ತು ಇದೆ. ಇಂಥ ವಾಹನವನ್ನು ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಆದ್ದರಿಂದ ಇದ್ದುದನ್ನು ಇದ್ದಂತೆಯೇ ಸರಿಪಡಿಸಿ. ಹೊಸ ಜಾಣತನ ಬೇಡ. ಚಾಸಿ ನಂಬರಿನ ಫಲಕವನ್ನೂ ಎಂಜಿನ್ನಿನ ನಂಬರನ್ನೂ ಬಣ್ಣ ತೆಗೆಯುವಾಗ ಅಳಿಸದಂತೆ ಕಾಪಾಡಿ. ಹಳೆಯ ಕಾರು ಮೂಲರೂಪದಲ್ಲಿ ಹೇಗಿರುತ್ತದೆ ಎಂದು ಕಾಣಬೇಕಾದವರು ಧರ್ಮಸ್ಥಳದ ಕಾರುಗಳ ಸಂಗ್ರಹವನ್ನೋ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯವನ್ನೋ ನೋಡಿ ಬರಬಹುದು.

ಬಾಡಿಯನ್ನು ಮತ್ತೆ ಇಳಿಸುವುದು ಎತ್ತಿದ ಕ್ರಮದ ತಿರುಗುಮುರುಗು. ಎಲ್ಲ ಬೋಲ್ಟುಗಳನ್ನೂ ಕೈಯಿಂದ ಸಡಿಲವಾಗಿ ತೂರಿಸಿ, ಬಿಲ್ಲೆಗಳನ್ನು ಚೀಟಿಯಂತೆ ಇಟ್ಟು, ಬಾಗಿಲು ಹಾಕಿ ಸಂದು ನೋಡಿ, ಅದು ಸರಿಬಂದ ಮೇಲೆಯೇ ಬಿಗಿಯಬೇಕು. ಮೊದಲೇ ಬಿಗಿದವನು ಎರಡು ಸಲ ಬಿಚ್ಚುತ್ತಾನೆ.

ನಮ್ಮ ಶಿಷ್ಯನ ಮನೆಯಲ್ಲಿ ಬಾಡಿ ಇನ್ನೂ ದಿಮ್ಮಿಗಳ ಮೇಲೆ ಟಾರ್ಪಾಲು ಹೊದ್ದು ಕುಳಿತಿದೆ. ಎಡತೋಳು ಹೊಸದಾಗಿದೆ, ಬಲತೋಳಿನ ತಗಡು ಮಡಿಸಿ ಬಂದಿದೆ. ಹಾಸನದ ಬೋಲ್ಟಿಗೆ ಇನ್ನು ಕೆಲಸವಿಲ್ಲ. ಆ ತೂತನ್ನು ಬೆಸೆದು ಮುಚ್ಚಲೇ ಎಂದು ಮಗ ತಂದೆಯವರನ್ನು ಕೇಳಿದನಂತೆ. ‘ಮುಚ್ಚು, ನೀರು ಇಳಿಯುತ್ತೆ’ ಎಂದರಂತೆ. ಈಗ ಅವರು ಬೆಳಗ್ಗೆ ಕಾಫಿ ಕುಡಿದ ಮೇಲೆ ಶೆಡ್ಡಿಗೆ ಬಂದು ಕುಳಿತುಕೊಳ್ಳುತ್ತಾರೆ. ಯಾವ ಡಬ್ಬಿಯಲ್ಲಿ ಯಾವ ಬೋಲ್ಟು ಇದೆ ಎಂದು ಮಗನಿಗಿಂತ ಅವರಿಗೇ ಚೆನ್ನಾಗಿ ಗೊತ್ತಿದೆ.